ಕೊಂಡಿ ಕೂಡಿಸಲು ಬಂದವರು

ನಮ್ಮ ನೇಕಾರರ ಸಂಘದ ಬಾಗಿಲಿಗೆ ಆ ಬೆಳಿಗ್ಗೆ ಉದ್ದನೆಯ ಬ್ಯಾನರ್ ಒಂದನ್ನು ಕಟ್ಟಿದ್ದರು. ನೆರೆಯ ದೇಶಗಳ ಪ್ರಾದೇಶಿಕ ಸಹಕಾರ, ಆರ್ಥಿಕ ಏಕೀಕರಣ, ಸಾಮಾಜಿಕ ಅಭಿವೃದ್ಧಿ ಎಂದು ಅದರ ಮೇಲೆ ಬರೆದಿತ್ತು. ಕೆಳಗೆ ಸಾಲಾಗಿ ಬಾವುಟಗಳು. ಒಂದೇ ಉಸಿರಿಗೆ ಓದಿದರೆ ನೀರು ಕುಡಿಯಬೇಕು, ಅಂಥ ಸಾಲು. ನನ್ನ ಮಗಳು ಅದನ್ನು ಓದಿ ಮೊಣಕೈಯಿಂದ ನನ್ನನ್ನು ತಿವಿದಳು.

"ಯವ್ವಾ, ದೇಶ ದೇಶನ ಕೂಡಾಕತ್ತಾವು. ನೀ ಮತ್ತ ದೊಡ್ಡವ್ವ ಯಾವಾಗ ಕೂಡೋರು?"

ಸುತ್ತ ಜನರಿದ್ದರು, ಬದುಕಿಕೊಂಡಳು. ಇಲ್ಲದಿದ್ದರೆ ಮದುವೆ ಗೊತ್ತಾದ ಹುಡುಗಿ ಎಂದೂ ನೋಡದೆ ಬೆನ್ನಿಗೆ ಒಂದು ಬಿಡುತ್ತಿದ್ದೆ.

ದೊಡ್ಡವ್ವ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಮನೆಯ ಎರಡು ಹೋಳು. ಅಣ್ಣತಮ್ಮಂದಿರು ಪಾಲಾದಾಗ ಮಗ್ಗದ ಕೋಣೆಯ ನಟ್ಟನಡುವೆ ಗೋಡೆ ಎದ್ದಿತು. ಬೀದಿಯ ಬೆಳಕು ಬರುತ್ತಿದ್ದ ದೊಡ್ಡ ಕಿಟಕಿ ಅವರ ಕಡೆಗೆ ಹೋಯಿತು. ನನ್ನ ಕಡೆಗೆ ಉಳಿದದ್ದು ಹಗಲಲ್ಲೂ ಬಲ್ಬು ಉರಿಸಬೇಕಾದ ಕತ್ತಲೆ. ಬೇಕೆಂದೇ ಹೀಗೆ ಮಾಡಿಸಿದಳು ಎಂದು ನಾನು ಅಂದೆ. ಹೊಟ್ಟೆಕಿಚ್ಚಿನವಳು ಎಂದು ಅವಳು ಅಂದಳು. ಅಲ್ಲಿಗೆ ಮಾತು ನಿಂತಿತು. ತಪ್ಪು ನನ್ನದಲ್ಲ ಎಂದು ಈಗಲೂ ಹೇಳುತ್ತೇನೆ, ಕೇಳಿದವರಿಗೆಲ್ಲ ಹೇಳುತ್ತೇನೆ. ಪಾಲು ಮಾಡಿಕೊಂಡ ಗಂಡಸರಿಬ್ಬರು ಮಾತ್ರ ಮರುದಿನದಿಂದಲೇ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂಡಿ ಚಹಾ ಕುಡಿಯುತ್ತಿದ್ದರು. ನಾಚಿಕೆ ಎಂಬುದು ಆ ವಂಶದ ಗಂಡಸರಿಗೆ ಬರೆದಿಲ್ಲ.

ಗೋಡೆ ಏಳುವ ಮುಂಚೆ, ಮಗಳು ಹುಟ್ಟಿದಾಗ ನಾನು ಜಡ್ಡಾಗಿ ಹಾಸಿಗೆ ಹಿಡಿದಿದ್ದೆ. ಮಕ್ಕಳಿಲ್ಲದ ಅಕ್ಕನೇ ಅವಳನ್ನು ಎರೆದು, ಹಾಲು ಕುಡಿಸಿ, ಕಾಲ ಮೇಲೆ ಮಲಗಿಸಿಕೊಂಡು ದೊಡ್ಡವಳನ್ನಾಗಿ ಮಾಡಿದ್ದು. ಹಾಗಾಗಿ ಮಗಳಿಗೆ ಆ ಗೋಡೆ ಇರಲೇ ಇಲ್ಲ. ಹುನಗುಂದದ ಸಾಲೆಯಲ್ಲಿ ಅವಳು ಟೀಚರ್. ಸಂಜೆ ಬಸ್ಸಿಳಿದವಳು ಮೊದಲು ಆ ಮನೆಗೆ ಹೋಗಿ ಚಹಾ ಕುಡಿದೇ ಈ ಮನೆಗೆ ಬರುವುದು. ಬಾಗಲಕೋಟೆಯ ಹುಡುಗನೊಂದಿಗೆ ಮದುವೆ ಗೊತ್ತಾದ ದಿನ ಅವಳು ನನ್ನೆದುರು ಕೂತು ಒಂದೇ ಮಾತು ಹೇಳಿದ್ದಳು.

"ದೊಡ್ಡವ್ವ ಬಂದು ಅರಿಶಿಣ ಹಚ್ಚಲಿಲ್ಲಂದ್ರ ನಾ ಮಣಿ ಮ್ಯಾಲ ಕುಂಡ್ರೂದಿಲ್ಲ. ಖರೇ ಹೇಳತೇನಿ ನೋಡವಾ."

ಸಿಟ್ಟಿನಲ್ಲಿ ಅವಳು ನನ್ನ ಮಗಳೇ. ಕೂರುವುದಿಲ್ಲ ಎಂದರೆ ಕೂರುವುದಿಲ್ಲ. ಆದರೆ ನಮ್ಮ ಕಡೆ ಮನೆಯ ಹೆಣ್ಣುಮಗಳನ್ನು ಮದುವೆಗೆ ಕರೆಯಬೇಕಾದರೆ ಗಂಡಸರು ಹೇಳಿದರೆ ನಡೆಯುವುದಿಲ್ಲ. ಹೆಂಗಸೇ ಹೊಸ್ತಿಲಿಗೆ ಹೋಗಿ ಕುಂಕುಮ ಹಚ್ಚಿ ಕರೆಯಬೇಕು. "ಆಕಿ ಬಂದು ಕರದ್ರ ಬರ್ತೇನಿ" ಎಂದು ಅಕ್ಕ ನೀರಿನ ನಲ್ಲಿಯ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. "ಆಕೀನ ಮೊದಲ ಮಾತಾಡ್ಲಿ" ಎಂದು ನಾನು ಹಿಟ್ಟಿನ ಗಿರಣಿಯಲ್ಲಿ ಹೇಳಿದ್ದು ಅವಳ ಕಿವಿಗೂ ಬಿದ್ದಿರಬೇಕು. ಮದುವೆ ಹತ್ತಿರ ಬರುತ್ತಿತ್ತು, ನಾವಿಬ್ಬರೂ ಜಗ್ಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಆ ಬ್ಯಾನರು, ಆ ಬಾವುಟಗಳು. ನೇಪಾಳ, ಭೂತಾನ, ಶ್ರೀಲಂಕಾ, ಬಾಂಗ್ಲಾದೇಶಗಳಿಂದ ಕೈಮಗ್ಗದ ಹೆಣ್ಣುಮಕ್ಕಳು ಬಂದಿದ್ದರು. ಒಬ್ಬರ ಕೆಲಸ ಒಬ್ಬರು ನೋಡಬೇಕು, ಕಲಿಯಬೇಕು, ಮುಂದೆ ಕೂಡಿ ಮಾರಬೇಕು ಎಂಬುದು ಏರ್ಪಾಡು. ಭಾಷಣ ಮಾಡಿದ ಅಧಿಕಾರಿ ಸುಂಕದ ಬಗ್ಗೆ, ಮಾರುಕಟ್ಟೆಯ ಬಗ್ಗೆ ಬಹಳ ಮಾತಾಡಿದರು. ನನಗೆ ಅರ್ಥವಾದದ್ದು ಒಂದೇ: ಬಂದವರನ್ನು ನೇಕಾರರ ಮನೆಗಳಲ್ಲೇ ಇಳಿಸುತ್ತಾರೆ, ಅವರಿಗೆ ಖಾರ ಕಡಿಮೆ ಹಾಕಬೇಕು.

ನಮ್ಮ ಮನೆಗೆ ಬಂದವಳು ಢಾಕಾದ ಹತ್ತಿರದ ಹಳ್ಳಿಯವಳು. ಜಾಮ್ದಾನಿ ಸೀರೆ ನೇಯುವ ಮುಸಲ್ಮಾನ ಹೆಂಗಸು, ವಯಸ್ಸಿನಲ್ಲಿ ನನಗಿಂತ ತುಸು ಚಿಕ್ಕವಳು. ನನ್ನನ್ನು "ಆಪಾ" ಎಂದು ಕರೆದಳು. ನಮ್ಮ ಓಣಿಯ ಮುಸಲ್ಮಾನರ ಮನೆಗಳಲ್ಲಿ ಅಕ್ಕನಿಗೆ ಹಾಗೇ ಅನ್ನುವುದರಿಂದ ಅದೇನೂ ಹೊಸದೆನಿಸಲಿಲ್ಲ. ಎದುರು ಮನೆಯಿಂದ ನಮಾಜಿಗೆ ಹಾಸುವ ಒಂದು ಜಾನಮಾಜು ತಂದು ಕೊಟ್ಟೆ. ಮಗ್ಗದ ಕೋಣೆಯ ಮೂಲೆ ಅವಳ ನಮಾಜಿಗೆ ಆಯಿತು. ಅವಳ ಹಿಂದಿ ಟಿವಿ ನೋಡಿ ಕಲಿತದ್ದು, ನನ್ನದು ಸಂತೆಯಲ್ಲಿ ಕಲಿತದ್ದು. ಎರಡೂ ಕೂಡಿ ಹೇಗೋ ಸಂಸಾರ ನಡೆಯಿತು. ಅವಳು ಆಡಿದ್ದನ್ನು ಇಲ್ಲಿ ನನ್ನ ಮಾತಿನಲ್ಲೇ ಹೇಳುತ್ತಿದ್ದೇನೆ.

ಮೊದಲ ಎರಡು ದಿನ ನಾನು ಸಪ್ಪನೆಯ ಅಡಿಗೆ ಮಾಡಿದೆ. ಮೆಣಸಿನಕಾಯಿ ಇಲ್ಲದ ಬದನೆಕಾಯಿ ಎಣ್ಣೆಗಾಯಿ ನಾನು ಜನ್ಮದಲ್ಲಿ ಮಾಡಿರಲಿಲ್ಲ. ಗಂಡ ತಾಟು ನೋಡಿ ಮುಖ ಸಿಂಡರಿಸಿದ, ಅತಿಥಿ ಏನೂ ಅನ್ನದೆ ಉಂಡಳು. ಮೂರನೆಯ ದಿನ ಅಡಿಗೆಮನೆಗೆ ಹೋದರೆ ಅವಳು ಶೆಲ್ಫಿನ ಮೇಲಿನ ಕೆಂಪು ಖಾರದ ಭರಣಿ ಇಳಿಸಿಕೊಂಡು ರೊಟ್ಟಿಗೆ ಸವರಿಕೊಂಡು ತಿನ್ನುತ್ತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಇಷ್ಟು ಚಲೋ ಇದ್ದದ್ದು ಮುಚ್ಚಿಟ್ಟೀರಲ್ಲ ಆಪಾ" ಎಂದಳು. ಆಮೇಲೆ ಸಂಘದಲ್ಲಿ ವಿಚಾರಿಸಿದರೆ ಎಲ್ಲ ಮನೆಗಳದ್ದೂ ಅದೇ ಕತೆ. ಭೂತಾನದವಳಂತೂ ಹಸಿ ಮೆಣಸಿನಕಾಯಿಯನ್ನೇ ಪಲ್ಯ ಮಾಡಿ ತಿನ್ನುವ ಊರಿನವಳಂತೆ. ಖಾರಕ್ಕೆ ಹೆಸರಾದ ನಾವು ಖಾರದವರಿಗೇ ಸಪ್ಪೆ ಉಣಿಸಿದ್ದೆವು.

ಬಂದ ಮೊದಲ ದಿನವೇ ಅವಳು ಇನ್ನೊಂದು ಕೆಲಸ ಮಾಡಿದಳು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಒಬ್ಬರೇ ಕೂತು ನೇಯುವುದು. ಮಗಳ ಧಾರೆ ಸೀರೆಯನ್ನು ನಾನೇ ನೇಯಬೇಕೆಂದು ಹಟ ಹಿಡಿದು ಕೂತಿದ್ದೆ. ಅವಳು ಬಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೀದಾ ಬಂದು ನನ್ನ ಪಕ್ಕದಲ್ಲೇ, ತೊಡೆಗೆ ತೊಡೆ ತಾಗಿಸಿ ಕೂತುಬಿಟ್ಟಳು. ನನಗೆ ಲಾಳಿ ಎಸೆಯಲು ಕೈಯಾಡಲಿಲ್ಲ.

"ಏನವಾ ಇದು?" ಎಂದೆ.

"ಇಲ್ಲಿ ಕುಂಡ್ರಾಕಿ ಎಲ್ಲಿ ಹೋಗ್ಯಾಳ?" ಎಂದು ಅವಳು ಕೇಳಿದಳು.

ಅವರ ಊರಲ್ಲಿ ಒಂದು ಮಗ್ಗಕ್ಕೆ ಇಬ್ಬರಂತೆ. ಬಲಕ್ಕೊಬ್ಬರು, ಎಡಕ್ಕೊಬ್ಬರು ಕೂತು ಹೂವಿನ ಎಳೆಗಳನ್ನು ಕೈಯಿಂದಲೇ ಸೇರಿಸುತ್ತ ಹೋಗುತ್ತಾರಂತೆ. ಅವಳ ಜೋಡಿ ಅವಳ ನಾದಿನಿ. "ಇಡೀ ದಿನ ಜಗಳಾಡತೇವಿ ಆಪಾ. ಆದ್ರ ಎದ್ದು ಹೋಗಾಕ ಬರೂದಿಲ್ಲ, ಸೀರಿ ಅರ್ಧಕ್ಕ ನಿಲ್ತದ" ಎಂದು ನಕ್ಕಳು. ನಮ್ಮಲ್ಲಿ ಒಬ್ಬರೇ ನೇಯುವುದು ಎಂದು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಜೋಡಿಯವಳು ತವರಿಗೆ ಹೋಗಿರಬೇಕು, ಇಂದಲ್ಲ ನಾಳೆ ಬರುತ್ತಾಳೆ ಎಂದೇ ಅವಳ ಲೆಕ್ಕ.

ಅವಳ ಲೆಕ್ಕ ಪೂರಾ ತಪ್ಪೂ ಅಲ್ಲ. ಇಳಕಲ್ ಸೀರೆಯ ಒಡಲಿನ ಉದ್ದೆಳೆಗಳು ಬೇರೆ, ಸೆರಗಿನ ಕೆಂಪು ರೇಷ್ಮೆಯ ಉದ್ದೆಳೆಗಳು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಎಳೆ ಎತ್ತಿ ಕೊಟ್ಟರೆ ಇನ್ನೊಬ್ಬರು ಕೊಂಡಿ ಸಿಕ್ಕಿಸುತ್ತಾರೆ. ಗೋಡೆ ಏಳುವ ಮುಂಚೆ ನಾನು ಎಳೆ ಕೊಡುತ್ತಿದ್ದೆ, ಅಕ್ಕ ಕೊಂಡಿ ಹಾಕುತ್ತಿದ್ದಳು. ಅವಳ ಕೈಯಷ್ಟು ಚುರುಕು ಕೈ ನಮ್ಮ ಓಣಿಯಲ್ಲಿ ಇನ್ನೊಂದಿಲ್ಲ. ವೈರಿಯಾದರೂ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಮಾತು ನಿಂತ ಮೇಲೆ ಹಿಂದಿನ ಓಣಿಯ ಒಬ್ಬ ಮುದುಕಪ್ಪ ನನಗೆ ಸೆರಗು ಕೂಡಿಸಿಕೊಡುತ್ತಿದ್ದ. ಒಂದು ಕೊಂಡಿಗೆ ಒಂದು ಎಲಡಿಕೆ ಎಂಬಂತೆ ಅವನ ಕೆಲಸ.

ನಡುವೆ ಒಂದು ದಿನ ಎಲ್ಲರನ್ನೂ ಬಾದಾಮಿ ತೋರಿಸಲು ಕರೆದುಕೊಂಡು ಹೋದರು. ಹುನಗುಂದ, ಅಮೀನಗಡ ದಾಟಿ ಹೋಗುವಾಗ ಬಸ್ಸಿನ ತುಂಬ ಇವರದೇ ಗದ್ದಲ. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು, ಆದರೂ ಒಬ್ಬರ ಸೆರಗನ್ನು ಒಬ್ಬರು ಹಿಡಿದು ಎಳೆ ತಿಕ್ಕಿ ನೋಡುವುದು ನಿಲ್ಲಲಿಲ್ಲ. ನೇಕಾರ್ತಿಯರಿಗೆ ಮುಖಕ್ಕಿಂತ ಮೊದಲು ಬಟ್ಟೆಯೇ ಕಾಣುವುದು. ಗುಹೆಗಳನ್ನು ಹತ್ತಿ ಇಳಿದು ನಮ್ಮವಳು ಹೊಂಡದ ಮೆಟ್ಟಿಲಿನ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಳು. ಪಕ್ಕದಲ್ಲಿ ಊರ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವಳ ಕೈಯಲ್ಲಿದ್ದ ಕರದಂಟನ್ನು ಮಂಗ ಕಸಿದುಕೊಂಡು ಹೋಯಿತು. ಅದರ ಹಿಂದೆ ನಾಲ್ಕು ಬೈಗುಳ ಬಂಗಾಲಿಯಲ್ಲಿ, ನಾಲ್ಕು ಕನ್ನಡದಲ್ಲಿ ಹೋದವು.

ನಗು ನಿಂತ ಮೇಲೆ ಅವಳು ತನ್ನ ಮಗ್ಗದ ಮಾತು ತೆಗೆದಳು. ಅವಳ ಊರಿಗೆ ಬರುವ ಹತ್ತಿಯ ನೂಲು ಬಹಳಷ್ಟು ನಮ್ಮ ದೇಶದ್ದೇ ಅಂತೆ. ಗಡಿಯಲ್ಲಿ ಲಾರಿ ನಿಂತರೆ ನೂಲಿನ ಬೆಲೆ ಏರುತ್ತದೆ, ಇಲ್ಲವೇ ನೂಲೇ ಸಿಗುವುದಿಲ್ಲ. ಆಗ ಅವಳು, ನಾದಿನಿ ಇಬ್ಬರೂ ಖಾಲಿ ಮಗ್ಗದ ಮುಂದೆ ಕೂತು ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತಾರಂತೆ. "ಜಗಳಾನೂ ಬರೂದಿಲ್ಲ ಆಪಾ ಆವಾಗ" ಎಂದಳು. ನಾನು ಆವರೆಗೆ ಬೇರೆ ದೇಶ ಎಂದರೆ ನಕಾಶೆಯ ಬಣ್ಣ ಎಂದುಕೊಂಡವಳು. ನಮ್ಮ ಕಡೆಯ ಹೊಲದ ಹತ್ತಿ ಎಲ್ಲೋ ನೂಲಾಗಿ ಅಷ್ಟು ದೂರ ಹೋಗಿ, ಇವಳ ಬೆರಳಿಗೆ ಸಿಕ್ಕಿ, ಇವಳ ಮಕ್ಕಳ ಗಂಜಿಯಾಗುತ್ತಿರಬಹುದು ಎಂಬುದು ಆ ಮೆಟ್ಟಿಲಿನ ಮೇಲೆ ನನಗೆ ಮೊದಲ ಸಲ ಹೊಳೆಯಿತು. ಅಧಿಕಾರಿಯ ಭಾಷಣ ಅಷ್ಟು ಉದ್ದ ಇರಬೇಕಾಗಿರಲಿಲ್ಲ. ಇವಳಿಗೆ ಮೈಕು ಕೊಟ್ಟಿದ್ದರೆ ಆಗುತ್ತಿತ್ತು.

ಅವಳು ಹೊರಡುವ ದಿನ ಹತ್ತಿರ ಬಂದಾಗ ಸೀರೆಗೆ ಸೆರಗು ಕೂಡಿಸುವ ಸಮಯವೂ ಬಂತು. ಮುದುಕಪ್ಪ ಬರಲಿಲ್ಲ. ಬೇವೂರಿನಲ್ಲಿ ಬೀಗರ ಮನೆಯಲ್ಲಿ ಯಾರೋ ತೀರಿಕೊಂಡು ಮಣ್ಣಿಗೆ ಹೋಗಿದ್ದಾನೆ, ಎಂದು ಬರುತ್ತಾನೋ ಗೊತ್ತಿಲ್ಲ ಎಂದು ಸುದ್ದಿ ಬಂತು. ನನ್ನ ಸಿಟ್ಟು ನೆತ್ತಿಗೇರಿತು. ಸತ್ತವರ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ, ಹಾಗಾಗಿ ಸೆರಗು ಕೂಡಿಸುವವರಿಲ್ಲ ಎಂದು ಗೋಡೆಯಾಚೆಗೂ ಕೇಳುವ ಹಾಗೆ ಗಂಡನ ಮೇಲೆ ಮಾಡಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದೆ. ಆ ದಿನದ ರೊಟ್ಟಿಯ ಸಪ್ಪಳ ಓಣಿಗೆಲ್ಲ ಕೇಳಿರಬೇಕು.

ಸ್ವಲ್ಪ ಹೊತ್ತಿಗೆ ಮಗ್ಗದ ಕೋಣೆಯಲ್ಲಿ ಯಾರೋ ಬಂದ ಹಾಗಾಯಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಹೊಸ್ತಿಲಲ್ಲಿ ಅಕ್ಕ ನಿಂತಿದ್ದಳು. ಅವಳ ಮುಂಗೈಯನ್ನು ನನ್ನ ಅತಿಥಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಮ್ಮ ಮನೆಯಲ್ಲಿ ಕೇಳಿ ಕೇಳಿ ಕಲಿತಿದ್ದ ಕನ್ನಡವನ್ನಷ್ಟೂ ಒಟ್ಟಿಗೆ ಸುರಿಯುತ್ತಿದ್ದಳು: "ಬರ್ರಿ, ಕುಂಡ್ರಿ, ಉಣ್ರಿ."

ಅಕ್ಕನ ಕೂದಲು ನೆರೆತಿತ್ತು. ಗೋಡೆಯ ಆಚೆಗೇ ಇದ್ದವಳು, ನೀರಿಗೆ ಹೋಗುವಾಗ ದಿನಾ ಕಣ್ಣಿಗೆ ಬೀಳುವವಳು. ಆದರೂ ಅಷ್ಟು ನೆರೆತದ್ದನ್ನು ನಾನು ನೋಡಿರಲಿಲ್ಲ. ಕೊನೆಗೂ ತಾನೇ ಬಂದಳಲ್ಲ ಎಂದುಕೊಂಡೆ. ಖುಷಿಯಾಯಿತು, ಜೊತೆಗೆ ನಾನು ಗೆದ್ದೆ ಎಂಬ ಜಂಬವೂ ಬಂತು.

"ಸೆರಗು ಎಲ್ಲೈತಿ?" ಎಂದಳು ಅಕ್ಕ.

"ಮಗ್ಗದ ಮ್ಯಾಲ ಐತಿ" ಎಂದೆ.

ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಇಷ್ಟೇ. ಕೈ ತೊಳೆದು ಬಂದು ಕೂತೆ. ನಾನು ಎಳೆ ಎತ್ತಿ ಕೊಟ್ಟೆ, ಅವಳು ಕೊಂಡಿ ಹಾಕಿದಳು. ಬಾಂಗ್ಲಾದವಳು ನಮ್ಮಿಬ್ಬರ ಹಿಂದೆ ಕೂತು ನಮ್ಮ ಭುಜಗಳ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಈಗ ಸರಿಯಾಯಿತು ಎಂಬಂತೆ ತಲೆಯಾಡಿಸುತ್ತಿದ್ದಳು.

"ಯಾರ ಹಾಸ್ಯಾರ ಈ ಎಳಿ? ಭಾಳ ಸಡ್ಲ ಅದಾವು" ಎಂದು ಅಕ್ಕ ಶುರು ಮಾಡಿದಳು.

"ನಾನ ಹಾಸೇನಿ. ಕಣ್ಣು ಕಾಣವಲ್ಲವೇನ ನಿನಗ?"

"ಹೆಂಗ ಕಾಣಬೇಕು? ಇಲ್ಲಿ ಬೆಳಕ ಎಲ್ಲೈತಿ?" ಎಂದವಳು ತಲೆಯೆತ್ತಿ ಬಲ್ಬು ನೋಡಿದಳು, ಬಿಸಿಲಿನ ಸುಳಿವೂ ಇಲ್ಲದ ಗೋಡೆ ನೋಡಿದಳು. ಅವಳ ಕೈ ನಿಂತಿತು. "ಇಷ್ಟು ಕತ್ತಲಿ ಐತಂತ ನನಗ ಗೊತ್ತಿರಲಿಲ್ಲ ತಂಗಿ" ಎಂದಳು.

ಆ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆನೋ. ಎಳೆ ಕೊಡುತ್ತ ಹೋದೆ. ಕಣ್ಣು ಮಂಜಾಗಿ ಒಂದೆರಡು ಎಳೆ ತಪ್ಪಿ ಕೊಟ್ಟೆ. ಅವಳು ಬೈದು ಸರಿ ಮಾಡಿಸಿದಳು.

ಸೆರಗು ಕೂಡಿ ಮುಗಿದು ಅವಳು ಎದ್ದಾಗ ನಾನು ಕುಂಕುಮದ ಭರಣಿ ತಂದೆ. ಹಣೆಗೆ ಹಚ್ಚಿ, "ಅರಿಶಿಣಕ್ಕ ನೀನ ಮೊದಲ ಕೈ ಹಚ್ಚಬೇಕು ಅಕ್ಕಾ, ಬಾ" ಎಂದೆ. ಹೊಸ್ತಿಲಿಗೆ ಹೋಗಿ ಕರೆಯಬೇಕಾದದ್ದನ್ನು ನನ್ನ ಹೊಸ್ತಿಲಿನ ಒಳಗೇ ಕರೆದದ್ದಾಯಿತು. ಅಕ್ಕ ಅದರಲ್ಲಿ ತಪ್ಪು ಹುಡುಕಲಿಲ್ಲ. ಸಂಜೆ ಹುನಗುಂದದಿಂದ ಬಂದ ಮಗಳು ನಾವಿಬ್ಬರೂ ಒಂದೇ ತಾಟಿನಿಂದ ಚುರುಮುರಿ ತಿನ್ನುವುದನ್ನು ನೋಡಿ ಬಾಗಿಲಲ್ಲೇ ಕೂತು ಅಳಲು ಹತ್ತಿದಳು.

ಮುಂದಿನ ವಾರ ಬಂದವರೆಲ್ಲ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಅತಿಥಿಯ ಚೀಲಕ್ಕೆ ಕೆಂಪು ಖಾರದ ಭರಣಿ ತುರುಕಿದೆ. ಅವಳು ನನ್ನನ್ನೂ ಅಕ್ಕನನ್ನೂ ಒಂದೇ ಸಲ ತಬ್ಬಿಕೊಂಡಳು. ನಾನು ಊರ ಮುಂದೆ ಅಳುವವಳಲ್ಲ. ಆ ದಿನ ಅತ್ತೆ.

ಅರಿಶಿಣದ ದಿನ ಅವಳು ವಿಡಿಯೋ ಕರೆ ಮಾಡಿದಳು. ಮಣೆಯ ಮೇಲೆ ಕೂತ ಮಗಳ ಕೆನ್ನೆಗೆ ಅಕ್ಕ ಅರಿಶಿಣ ಹಚ್ಚುತ್ತಿದ್ದಳು, ನಾನು ಫೋನು ಹಿಡಿದು ತೋರಿಸುತ್ತಿದ್ದೆ. ಅತ್ತ ಸರಿದು ನಿಂತು, ಅವತ್ತು ಅಕ್ಕ ಏನೆಂದು ಬಂದಳು ಎಂದು ಕುತೂಹಲಕ್ಕೆ ಕೇಳಿದೆ.

"ಅವರೆಲ್ಲಿ ಬಂದ್ರು ಆಪಾ?" ಎಂದಳು ಅವಳು. "ನಾನ ಹೋಗಿ ಕೈ ಹಿಡದು ತಂದೆ. ನಿಮ್ಮ ಜೋಡಿ ಕುಂಡ್ರಾಕಿ ಯಾರಂತ ಓಣ್ಯಾಗ ಕೇಳಿದೆ, ಎಲ್ಲಾರೂ ಆ ಮನಿ ತೋರಿಸಿದ್ರು. ನೀವ ಕಳಿಸೀರಂತ ತಿಳಕೊಂಡಿರಬೇಕು ಅವರು, ಒಂದ ಮಾತೂ ಕೇಳಲಾರದ ಎದ್ದು ಬಂದ್ರು."

ನಾನು ತಿರುಗಿ ಅಕ್ಕನ ಕಡೆ ನೋಡಿದೆ. ಅವಳು ಬಾಗಲಿಲ್ಲ, ನಾನೂ ಬಾಗಲಿಲ್ಲ. ನಮ್ಮ ಜಗಳದ ಗಂಧಗಾಳಿಯೂ ಇಲ್ಲದ ಪರದೇಶದ ಹೆಂಗಸೊಬ್ಬಳು, ಮಗ್ಗದ ಮುಂದೆ ಇಬ್ಬರು ಇರಲೇಬೇಕು ಎಂಬ ಒಂದೇ ತಿಳಿವಳಿಕೆಯಿಂದ ಆಚೆ ಮನೆಯವಳನ್ನು ಈಚೆ ತಂದು ಕೂರಿಸಿದ್ದಳು. ಈ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ, ಮಗಳಿಗೂ.

ಈಗ ಬಾಂಗ್ಲಾದವಳು ಮತ್ತೆ ಬರುವುದು ಸುಲಭವಿಲ್ಲ. ವೀಸಾ ಸಿಗುವುದಿಲ್ಲವಂತೆ. ಸಂಘದಲ್ಲಿ ಆ ಕಾರ್ಯಕ್ರಮವೂ ನಿಂತಿದೆ. ದೊಡ್ಡವರು ಮುಖ ಗಂಟು ಹಾಕಿಕೊಂಡು ಕೂತರೆ ನೂಲಿನ ಲಾರಿಗಳು ಗಡಿಯಲ್ಲಿ ನಿಲ್ಲುತ್ತವೆ, ಅವಳ ಮಗ್ಗ ಖಾಲಿ ಬೀಳುತ್ತದೆ. ಹಾಗಾದಾಗ ಅವಳು ಫೋನು ಮಾಡುತ್ತಾಳೆ. ನನಗೆ ಎರಡೂ ಕಡೆಯ ದೊಡ್ಡವರ ಮೇಲೆ ಸಮನಾಗಿ ಸಿಟ್ಟು ಬರುತ್ತದೆ. ನನ್ನ ಮನೆ ಕೂಡಿಸಿ ಹೋದವಳಿಗೆ ಒಂದು ಉಂಡೆ ನೂಲು ದಾಟಿಸಿ ಕಳಿಸಲು ನನಗಾಗುವುದಿಲ್ಲ. ಮಾತು ಕೇಳುತ್ತೇನೆ, ಮಾತಾಡುತ್ತೇನೆ. ಅವಳ ಉಪಕಾರ ನನ್ನ ಮೇಲೆ ಹಾಗೇ ಇದೆ, ಇರಲಿ.

ಮೊನ್ನೆ ಅಂಥದೇ ಒಂದು ಕರೆ ಬಂದಾಗ ಅಕ್ಕ ನನ್ನ ಪಕ್ಕದಲ್ಲೇ ಇದ್ದಳು. ಅವಳಿಗೆ ಒಂದು ಚಟ. ಯಾರಾದರೂ ಸಿಕ್ಕರೆ ಸಾಕು, ಮೊದಲು ಬಾಗಿದವಳು ತಂಗಿ, ತಾನಲ್ಲ ಎಂದು ಹೇಳುತ್ತಾಳೆ. ನಲ್ಲಿಯ ಹತ್ತಿರ ಹೇಳುತ್ತಾಳೆ, ಬೀಗರ ಮುಂದೆ ಹೇಳುತ್ತಾಳೆ. ಪ್ರತಿ ಸಲವೂ ನಾಲಿಗೆಯ ತುದಿಗೆ ಬಂದದ್ದನ್ನು ಕಚ್ಚಿ ಹಿಡಿಯುತ್ತೇನೆ. ಮೊನ್ನೆ ಫೋನಿನೊಳಗೆ ಮುಖ ತೂರಿಸಿ ಬಾಂಗ್ಲಾದವಳನ್ನೇ ಕೇಳಿಬಿಟ್ಟಳು.

"ಖರೇ ಹೇಳವಾ. ಅವತ್ತು ನನ್ನ ಕರಿಯಾಕ ಈಕೀನ ನಿನ್ನ ಕಳಿಸಿದ್ಳು, ಹೌದಿಲ್ಲೋ?"

ಅಲ್ಲಿಯವಳಿಗೆ ಕನ್ನಡ ಎಷ್ಟು ತಿಳಿಯಿತೋ, ನನ್ನ ಮುಖ ನೋಡಿದಳು. ನಾನು ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಹೌದಕ್ಕಾ. ನಾನ ಕಳಿಸಿದ್ದೆ" ಎಂದೆ.

ಅಕ್ಕ ಗೆದ್ದವಳ ಹಾಗೆ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ನನ್ನ ಕೈ ಹಿಡಿದುಕೊಂಡು ಬಹಳ ಮೆಲ್ಲಗೆ ಹೇಳಿದಳು.

"ಪುಣ್ಯಾ ಕಟ್ಟಿಕೊಂಡಿ. ನಾ ಹಾಲು ಕುಡಿಸಿ ಬೆಳೆಸಿದ ಹುಡುಗಿ ಆಕಿ. ನೀ ಕಳಿಸಲಿಲ್ಲಂದ್ರ ಆಕಿ ಮದುವಿ ಬಾಜಾ ಬಜಂತ್ರೀನ ನಾ ಆ ಕಡೆ ನಿಂತು ಗೋಡಿಗೆ ಕಿವಿ ಹಚ್ಚಿ ಕೇಳಬೇಕಾಗಿತ್ತು."